ಒಂದೇ ಲೆಕ್ಕ, ಎರಡು ಉತ್ತರ: ತಪ್ಪು ಯಾರದು?

ಇವತ್ತು ಒಂದು ಚೀಟಿ, ಒಂದು ಪೆನ್ಸಿಲ್ ಹತ್ತಿರ ಇಟ್ಟುಕೊಂಡರೆ ಒಳ್ಳೆಯದು. ಅಡುಗೆ ಮಾಡುತ್ತಾ ಕೇಳುತ್ತಿದ್ದೀರಾ, ಬಸ್ಸಿನಲ್ಲಿ ಕೂತು ಕೇಳುತ್ತಿದ್ದೀರಾ, ಪರವಾಗಿಲ್ಲ, ಮನಸ್ಸಿನಲ್ಲೇ ಬರೆದುಕೊಳ್ಳಿ. ಲೆಕ್ಕ ಬಹಳ ಚಿಕ್ಕದು. ಮೊದಲು ಎಂಟು. ಆಮೇಲೆ ಭಾಗಾಕಾರದ ಚಿಹ್ನೆ. ಆಮೇಲೆ ಎರಡು. ಅದಕ್ಕೆ ಅಂಟಿಕೊಂಡ ಹಾಗೆ ಒಂದು ಬ್ರ್ಯಾಕೆಟ್, ಅದರೊಳಗೆ ಎರಡು ಕೂಡಿಸು ಎರಡು. ಕಾಗದದ ಮೇಲೆ ಹೀಗೆ ಕಾಣುತ್ತದೆ: 8÷2(2+2).

ಉತ್ತರ ಎಷ್ಟು?

ಕೆಲವರು ಈಗಾಗಲೇ 16 ಅಂದಿರುತ್ತೀರಿ. ಕೆಲವರು 1 ಅಂದಿರುತ್ತೀರಿ. ಎರಡೂ ಗುಂಪಿನವರಿಗೆ ತಮ್ಮ ಉತ್ತರದ ಮೇಲೆ ಪೂರ್ತಿ ನಂಬಿಕೆ ಇರುತ್ತದೆ. 2019ರ ಬೇಸಿಗೆಯ ಕೊನೆಯಲ್ಲಿ, ಅಮೆರಿಕದ ಬೇಸಿಗೆ ಅನ್ನಿ, ಇದೇ ಲೆಕ್ಕ ಸಾಮಾಜಿಕ ಜಾಲತಾಣಗಳಲ್ಲಿ ಕಾಳ್ಗಿಚ್ಚಿನ ಹಾಗೆ ಹಬ್ಬಿತು. ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞ ಸ್ಟೀವನ್ ಸ್ಟ್ರೊಗಾಟ್ಸ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆಯಬೇಕಾಯಿತು. ಅದಕ್ಕೂ ಮೊದಲು 2011ರಲ್ಲಿ 6÷2(1+2) ಅನ್ನುವ ಇದರ ಅಕ್ಕ ಇದೇ ರೀತಿ ಜಗಳ ಹಚ್ಚಿತ್ತು. ಅಲ್ಲಿ 9 ಅನ್ನುವವರು ಒಂದು ಕಡೆ, 1 ಅನ್ನುವವರು ಇನ್ನೊಂದು ಕಡೆ. ಈಗಲೂ ವರ್ಷಕ್ಕೆ ಒಂದೆರಡು ಸಲ ಯಾವುದಾದರೂ ವಾಟ್ಸ್ಆ್ಯಪ್ ಗುಂಪಿನಲ್ಲಿ ಇಂಥದೊಂದು ಲೆಕ್ಕ ಬಂದು ಬೀಳುತ್ತದೆ. ಕೆಳಗೆ ಒಂದು ಸಾಲು ಇರುತ್ತದೆ: ಬುದ್ಧಿವಂತರಿಗೆ ಮಾತ್ರ. ಅಲ್ಲಿಗೆ ಮುಗೀತು, ಸಂಜೆವರೆಗೆ ಗುಂಪಿನಲ್ಲಿ ಶಾಂತಿ ಇಲ್ಲ.

ಮೊದಲು ಎರಡೂ ಕಡೆಯವರು ಏನು ಮಾಡುತ್ತಾರೆ ನೋಡೋಣ. ಬ್ರ್ಯಾಕೆಟ್ಟಿನ ಒಳಗಿನದು ಮೊದಲು ಅನ್ನುವುದರಲ್ಲಿ ಇಬ್ಬರಿಗೂ ತಕರಾರಿಲ್ಲ. ಎರಡು ಕೂಡಿಸು ಎರಡು, ನಾಲ್ಕು. ಈಗ ಉಳಿದದ್ದು 8÷2(4). ಒಬ್ಬರು ಎಡದಿಂದ ಬಲಕ್ಕೆ ಹೋಗುತ್ತಾರೆ. ಎಂಟನ್ನು ಎರಡರಿಂದ ಭಾಗಿಸಿದರೆ ನಾಲ್ಕು, ನಾಲ್ಕು ನಾಲ್ಕಲ ಹದಿನಾರು. ಇನ್ನೊಬ್ಬರು ಹೇಳುತ್ತಾರೆ, ಆ ಎರಡು ಬ್ರ್ಯಾಕೆಟ್ಟಿಗೆ ಅಂಟಿಕೊಂಡಿದೆಯಲ್ಲ, ಅದು ಅದರದ್ದೇ ಎರಡು. ಮೊದಲು ಎರಡು ನಾಲ್ಕಲ ಎಂಟು, ಆಮೇಲೆ ಎಂಟನ್ನು ಎಂಟರಿಂದ ಭಾಗಿಸಿದರೆ ಒಂದು. ಮಗ್ಗಿಯಲ್ಲಿ ಇಬ್ಬರೂ ತಪ್ಪಿಲ್ಲ. ಕೂಡಿಸುವುದರಲ್ಲಿ, ಭಾಗಿಸುವುದರಲ್ಲಿ ತಪ್ಪಿಲ್ಲ. ಅವರ ನಡುವೆ ಇರುವ ವ್ಯತ್ಯಾಸ ಒಂದೇ: ಬರೆದದ್ದನ್ನು ಓದಿದ ರೀತಿ. ಹಾಗಾಗಿ ಇದು ಗಣಿತದ ಜಗಳ ಅನ್ನುವುದಕ್ಕಿಂತ ಓದಿನ ಜಗಳ, ಬರವಣಿಗೆಯ ಜಗಳ. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಹಾಗಾದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ನಿಯಮವೇ ಸುಳ್ಳಾ? ಇಲ್ಲ. ಅದಕ್ಕೊಂದು ಗಟ್ಟಿಯಾದ ಬುಡ ಇದೆ. ಆ ಬುಡ ನಮ್ಮ ಮಾತಿನಲ್ಲೇ ಇದೆ. ಮುನ್ನೂರು ಅನ್ನುತ್ತೇವೆ. ಅದರಲ್ಲಿ ಮೂರು ಇದೆ, ನೂರು ಇದೆ. ಅರ್ಥ ಮೂರು ಸಲ ನೂರು, ಗುಣಾಕಾರ. ಈಗ ನೂರ ಮೂರು ಅನ್ನಿ. ಅವೇ ಎರಡು ಸಂಖ್ಯೆ, ಜಾಗ ಅದಲು ಬದಲು. ಅರ್ಥ ನೂರಕ್ಕೆ ಮೂರು ಸೇರಿದೆ, ಸಂಕಲನ. ಯಾರೂ ನಮಗೆ ನಿಯಮ ಅಂತ ಹೇಳಿಕೊಡಲಿಲ್ಲ, ನಾಲ್ಕು ವರ್ಷದ ಮಗುವಿಗೂ ಗೊತ್ತು. ಇನ್ನೂ ದೊಡ್ಡದು ತಗೊಳ್ಳಿ: ಮೂರು ಸಾವಿರದ ಇನ್ನೂರ ಐದು. ಮೂರು ಸಲ ಸಾವಿರ, ಎರಡು ಸಲ ನೂರು, ಆಮೇಲೆ ಐದು. ಗುಣಿಸುವುದೆಲ್ಲ ಮೊದಲು ಮುಗಿದು, ಕೂಡಿಸುವುದು ಕೊನೆಗೆ ನಡೆಯುತ್ತದೆ.

ಸಂತೆಗೆ ಬನ್ನಿ. ಹತ್ತು ರೂಪಾಯಿಯ ಕೊತ್ತಂಬರಿ ಕಟ್ಟು ಒಂದು, ಕೆ.ಜಿ.ಗೆ 30ರಂತೆ ಎರಡು ಕೆ.ಜಿ. ಟೊಮೆಟೊ. ಬರೆದರೆ 10+2×30. ಎಪ್ಪತ್ತು ರೂಪಾಯಿ ಕೊಟ್ಟು ಬರುತ್ತೀರಿ. ಹತ್ತು ಮತ್ತು ಎರಡನ್ನು ಕೂಡಿಸಿ, ಹನ್ನೆರಡನ್ನು ಮೂವತ್ತರಿಂದ ಗುಣಿಸಿ 360 ಕೊಡಿ ಅಂತ ಯಾವ ವ್ಯಾಪಾರಿಯೂ ಕೇಳುವುದಿಲ್ಲ. ಯಾಕೆಂದರೆ ಆ ಹತ್ತು ರೂಪಾಯಿ, ಈ ಎರಡು ಕೆ.ಜಿ. ರೂಪಾಯಿಗೂ ಕೆ.ಜಿ.ಗೂ ಕೂಡಿಸಲು ಆಗುವುದಿಲ್ಲ. ಗುಣಿಸಿದ ಮೇಲೆ ಮಾತ್ರ ಕೆ.ಜಿ. ರೂಪಾಯಿಯಾಗುತ್ತದೆ, ಆಗ ಕೂಡಿಸಬಹುದು. ಗುಣಾಕಾರ ಮೊದಲು, ಸಂಕಲನ ಆಮೇಲೆ ಅನ್ನುವುದು ನಮ್ಮ ಲೆಕ್ಕಗಳಿಗೆ ಹೊಂದುವ ಒಪ್ಪಂದ. ಈ ವಿಷಯದಲ್ಲಿ ಜಗತ್ತಿನ ಯಾವ ಗಣಿತಜ್ಞರ ನಡುವೆಯೂ ಜಗಳ ಇಲ್ಲ.

ಜಗಳ ಶುರುವಾಗುವುದು ಭಾಗಾಕಾರ ಮತ್ತು ಗುಣಾಕಾರ ಅಕ್ಕಪಕ್ಕ ಬಂದಾಗ.

ಶಾಲೆಯಲ್ಲಿ ನಮಗೆಲ್ಲ ಒಂದು ಮಂತ್ರ ಕೊಟ್ಟಿದ್ದರು, ಬೋಡ್‌ಮಾಸ್. ಬಿ ಅಂದರೆ ಬ್ರ್ಯಾಕೆಟ್, ಓ ಅಂದರೆ ಆಫ್, ಡಿ ಅಂದರೆ ಡಿವಿಷನ್, ಎಂ ಅಂದರೆ ಮಲ್ಟಿಪ್ಲಿಕೇಷನ್, ಎ ಅಂದರೆ ಅಡಿಷನ್, ಎಸ್ ಅಂದರೆ ಸಬ್‌ಟ್ರ್ಯಾಕ್ಷನ್. ಅಮೆರಿಕದ ಮಕ್ಕಳಿಗೆ ಇದೇ ಮಂತ್ರ ಪೆಮ್‌ಡಾಸ್ ಆಗಿ ಸಿಗುತ್ತದೆ. ಅಲ್ಲಿ ಎಂ ಮೊದಲು, ಡಿ ಆಮೇಲೆ. ನೋಡಿ, ನಮ್ಮಲ್ಲಿ ಭಾಗಾಕಾರ ಮುಂದೆ, ಅವರಲ್ಲಿ ಗುಣಾಕಾರ ಮುಂದೆ. ಹಾಗಂತ ಎರಡು ದೇಶಕ್ಕೆ ಎರಡು ಗಣಿತವಿಲ್ಲ. ಮಂತ್ರದ ಒಳಗೆ ಬಚ್ಚಿಟ್ಟುಕೊಂಡ ಒಂದು ಮಾತಿದೆ: ಗುಣಾಕಾರ, ಭಾಗಾಕಾರ ಎರಡಕ್ಕೂ ಸಮಾನ ಸ್ಥಾನ, ಎಡದಿಂದ ಬಲಕ್ಕೆ ಬಂದ ಹಾಗೆ ಮಾಡಬೇಕು. ಸಂಕಲನ, ವ್ಯವಕಲನಕ್ಕೂ ಹಾಗೇ. ಈ ಮಾತು ಅಕ್ಷರಗಳಲ್ಲಿ ಇಲ್ಲ. ಟೀಚರ್ ಬಾಯಿಬಿಟ್ಟು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೇಳದಿದ್ದರೆ ಏನಾಗುತ್ತದೆ? ನಮ್ಮ ಬೀದಿಯ ಒಬ್ಬ ಹುಡುಗಿ ಸಂಜೆ ಹೊತ್ತು ನನ್ನ ಹತ್ತಿರ ಲೆಕ್ಕ ಕೇಳಲು ಬರುತ್ತಿದ್ದಳು. ಆರನೇ ತರಗತಿ. ಒಂದು ದಿನ ಕಿರುಪರೀಕ್ಷೆಯ ಹಾಳೆ ತಂದಳು. 10−3+2 ಎಷ್ಟು ಅನ್ನುವುದಕ್ಕೆ 5 ಅಂತ ಬರೆದಿದ್ದಳು. ಮೇಲೆ ಕೆಂಪು ಗೀಟು, ಸೊನ್ನೆ ಅಂಕ, ಬೇರೇನೂ ಇಲ್ಲ. ಹೇಗೆ ಮಾಡಿದೆ ಅಂತ ಕೇಳಿದೆ. "ಎ ಮೊದಲು ಬರುತ್ತಲ್ಲ, ಅದಕ್ಕೆ ಮೂರು ಮತ್ತು ಎರಡು ಕೂಡಿಸಿದೆ, ಐದಾಯ್ತು. ಹತ್ತರಲ್ಲಿ ಐದು ಕಳೆದೆ" ಅಂದಳು. ಬೋಡ್‌ಮಾಸನ್ನು ಅಕ್ಷರ ಬಿಡದೆ ಪಾಲಿಸಿದ್ದಳು! ಹೇಳಿಕೊಟ್ಟದ್ದನ್ನು ಕೇಳದ ಮಗುವಿಗೆ ಬರಬೇಕಾದ ಕೆಂಪು ಗೀಟು, ತೀರಾ ನಿಷ್ಠೆಯಿಂದ ಕೇಳಿದ ಮಗುವಿಗೆ ಬಂತು. ಆಮೇಲೆ ಅವಳು ಅಂದದ್ದು ನನಗೆ ಇನ್ನೂ ಕಸಿವಿಸಿ: "ನಂಗೆ ಲೆಕ್ಕ ಬರಲ್ಲ ಬಿಡಿ."

ಅವಳ ಉತ್ತರವನ್ನು ನಾನು ಹಣದಿಂದ ಬಿಡಿಸಿದೆ. ಕೈಯಲ್ಲಿ ಹತ್ತು ರೂಪಾಯಿ ಇತ್ತು, ಮೂರು ಖರ್ಚಾಯಿತು, ಅಜ್ಜಿ ಎರಡು ಕೊಟ್ಟರು. ಈಗ ಎಷ್ಟಿದೆ? "ಒಂಬತ್ತು." ಅಜ್ಜಿ ಕೊಟ್ಟ ಎರಡನ್ನು ನಿನ್ನ ಖರ್ಚಿಗೆ ಸೇರಿಸಿದೆಯಲ್ಲ ಅಂದಾಗ ಅವಳಿಗೆ ನಗು ಬಂತು.

ಇಲ್ಲೊಂದು ಸ್ವಾರಸ್ಯ ಇದೆ, ಟೀಚರುಗಳು ದಯವಿಟ್ಟು ಗಮನಿಸಿ. ಬೋಡ್‌ಮಾಸನ್ನು ಅಕ್ಷರಶಃ ಪಾಲಿಸಿದರೆ ಡಿ ಮತ್ತು ಎಂ ಜಾಗದಲ್ಲಿ ಅಪಾಯ ಇಲ್ಲ. 12×6÷3 ಅನ್ನುವುದರಲ್ಲಿ ಭಾಗಾಕಾರ ಮೊದಲು ಮಾಡಿದರೂ 24, ಎಡದಿಂದ ಬಲಕ್ಕೆ ಹೋದರೂ 24. ಅಪಾಯ ಇರುವುದು ಎ ಮತ್ತು ಎಸ್ ಜಾಗದಲ್ಲಿ, ಈ ಹುಡುಗಿ ಬಿದ್ದದ್ದು ಅಲ್ಲೇ. ಅಮೆರಿಕದ ಪೆಮ್‌ಡಾಸ್ ಮಕ್ಕಳಿಗೆ ಎರಡೂ ಕಡೆ ಹಳ್ಳ. 12÷2×3 ಅನ್ನುವುದನ್ನು ಗುಣಾಕಾರ ಮೊದಲು ಅಂತ ಮಾಡಿದರೆ 2 ಬರುತ್ತದೆ, ಬರಬೇಕಾದದ್ದು 18. ಮಂತ್ರ ಒಂದೊಂದು ದೇಶದಲ್ಲಿ ಒಂದೊಂದು ಕಡೆ ಕೈಕೊಡುತ್ತದೆ.

ಇನ್ನು ಆ ಓ. ಆಫ್ ಅನ್ನುವುದನ್ನು ಕನ್ನಡದಲ್ಲಿ ನಾವು ಷಷ್ಠೀ ವಿಭಕ್ತಿಯಿಂದ ಹೇಳುತ್ತೇವೆ: ಆರರ ಅರ್ಧ, ಇಪ್ಪತ್ತರ ಕಾಲು ಭಾಗ. ಆರರ ಅರ್ಧ ಅಂದರೆ ಆರನ್ನು ಅರ್ಧದಿಂದ ಗುಣಿಸಿದ್ದೇ. ಹಾಗಿದ್ದರೂ ಅದಕ್ಕೆ ಭಾಗಾಕಾರಕ್ಕಿಂತ ಮುಂದಿನ ಆಸನ ಯಾಕೆ? 24ನ್ನು 6ರ ಅರ್ಧದಿಂದ ಭಾಗಿಸು ಅಂದಾಗ, ಆರರ ಅರ್ಧ ಅನ್ನುವುದು ಒಂದೇ ಗಂಟು. ಅದು ಮೂರು. ಉತ್ತರ 8. ಆ ಗಂಟು ಬಿಚ್ಚಿ, 24÷½×6 ಅಂತ ಬರೆದು ಎಡದಿಂದ ಬಲಕ್ಕೆ ಹೋದರೆ 288. ಎಲ್ಲಿಯ 8, ಎಲ್ಲಿಯ 288! ಹಾಗಾಗಿ ನಮ್ಮ ಹಿರಿಯರು ಒಂದು ಜಾತಿಯ ಗುಣಾಕಾರ ಬಿಗಿ, ಇನ್ನೊಂದು ಸಡಿಲ ಅಂತ ಒಪ್ಪಿಕೊಂಡು, ಬಿಗಿಯಾದದ್ದಕ್ಕೆ ಓ ಅನ್ನುವ ಅಕ್ಷರ ಕೊಟ್ಟರು.

ಈಗ 8÷2(2+2) ಕಡೆ ಮತ್ತೆ ನೋಡಿ. ಎರಡಕ್ಕೂ ಬ್ರ್ಯಾಕೆಟ್ಟಿಗೂ ನಡುವೆ ಗುಣಾಕಾರದ ಚಿಹ್ನೆ ಇಲ್ಲ. ಚಿಹ್ನೆ ಇಲ್ಲದೆ ಅಂಟಿಸಿ ಬರೆದ ಗುಣಾಕಾರ ಬಿಗಿಯೋ, ಸಡಿಲವೋ? ಜಗಳದ ಹುರುಳು ಇಷ್ಟೇ. ಬಿಗಿ ಅನ್ನುವವರ ಕೈಯಲ್ಲೂ ಒಳ್ಳೆಯ ಪುರಾವೆ ಇದೆ. ಬೀಜಗಣಿತದಲ್ಲಿ 6ಕ÷2ಕ ಎಷ್ಟು ಅಂತ ಎಂಟನೇ ತರಗತಿಯ ಯಾವ ಮಗುವನ್ನಾದರೂ ಕೇಳಿ, ಮೂರು ಅನ್ನುತ್ತದೆ. ಟೀಚರೂ ಸರಿ ಅಂತ ಗುರುತು ಹಾಕುತ್ತಾರೆ. ಎಡದಿಂದ ಬಲಕ್ಕೆ ಅನ್ನುವ ನಿಯಮವನ್ನು ಕಡ್ಡಾಯವಾಗಿ ಹಿಡಿದರೆ ಅಲ್ಲಿ ಮೂರು ಬರಬಾರದು. ಆರು ಕ ವನ್ನು ಎರಡರಿಂದ ಭಾಗಿಸಿ, ಮತ್ತೆ ಕ ದಿಂದ ಗುಣಿಸಬೇಕು, 3ಕ² ಬರಬೇಕು. ಯಾರೂ ಹಾಗೆ ಮಾಡುವುದಿಲ್ಲ. ಅಂದರೆ ಬೀಜಗಣಿತದಲ್ಲಿ 2ಕ ವನ್ನು ಬಿಗಿ ಗಂಟು ಅಂತ ಓದುವ ನಾವೇ, ಅಂಕಗಣಿತದಲ್ಲಿ 2(4)ನ್ನು ಸಡಿಲ ಮಾಡಿ ಓದುತ್ತೇವೆ. ಭೌತವಿಜ್ಞಾನದ ದೊಡ್ಡ ಪತ್ರಿಕೆ ಫಿಸಿಕಲ್ ರಿವ್ಯೂ ತನ್ನ ಲೇಖಕರಿಗೆ ಕೊಡುವ ಶೈಲಿ ಕೈಪಿಡಿಯಲ್ಲೂ ಓರೆಗೆರೆಯ ಭಾಗಾಕಾರಕ್ಕಿಂತ ಗುಣಾಕಾರ ಮೊದಲು ಅನ್ನುವ ಕ್ರಮವನ್ನೇ ಇಟ್ಟುಕೊಂಡಿದೆ. ಹಾಗಾಗಿ 1 ಅಂದವರನ್ನು ದಡ್ಡರು ಅನ್ನುವ ಹಾಗಿಲ್ಲ. 16 ಅಂದವರು ಶಾಲೆಯಲ್ಲಿ ಕಲಿತ ನಿಯಮವನ್ನು ನೇರವಾಗಿ ಅನ್ವಯಿಸಿದ್ದಾರೆ, ಅವರನ್ನೂ ಅನ್ನುವ ಹಾಗಿಲ್ಲ.

ಸಾವಿರಾರು ವರ್ಷದ ಗಣಿತದಲ್ಲಿ ಇಷ್ಟು ಸಣ್ಣ ವಿಷಯ ತೀರ್ಮಾನ ಆಗಿಲ್ಲವೇ ಅಂತ ಅನ್ನಿಸಬಹುದು. ಗಣಿತ ಹಳೆಯದು. ಆದರೆ ಈ ಚಿಹ್ನೆಗಳು ಹಳೆಯವಲ್ಲ. ಕೂಡಿಸುವ, ಕಳೆಯುವ ಚಿಹ್ನೆಗಳು ಅಚ್ಚಾದ ಪುಸ್ತಕದಲ್ಲಿ ಕಂಡದ್ದು 1489ರಲ್ಲಿ, ಜರ್ಮನಿಯ ಯೊಹಾನೆಸ್ ವಿಡ್‌ಮನ್ ಬರೆದ ವ್ಯಾಪಾರಿ ಲೆಕ್ಕದ ಪುಸ್ತಕದಲ್ಲಿ. ಸಮ ಅನ್ನುವ ಎರಡು ಗೆರೆ 1557ರಲ್ಲಿ, ರಾಬರ್ಟ್ ರೆಕಾರ್ಡ್ ಕೈಯಿಂದ. ಗುಣಾಕಾರದ ಅಡ್ಡಗೀಟು 1631ರಲ್ಲಿ, ವಿಲಿಯಂ ಆಟ್ರೆಡ್ ಪುಸ್ತಕದಲ್ಲಿ. ಭಾಗಾಕಾರಕ್ಕೆ ನಾವು ಬಳಸುವ, ಗೆರೆಯ ಮೇಲೊಂದು ಕೆಳಗೊಂದು ಚುಕ್ಕಿಯ ಚಿಹ್ನೆ 1659ರಲ್ಲಿ, ಸ್ವಿಟ್ಜರ್ಲೆಂಡಿನ ಯೊಹಾನ್ ರಾನ್ ಪುಸ್ತಕದಲ್ಲಿ. ಆ ಪುಸ್ತಕ 1668ರಲ್ಲಿ ಇಂಗ್ಲಿಷಿಗೆ ಬಂತು, ಚಿಹ್ನೆ ಇಂಗ್ಲಿಷರಲ್ಲಿ ಬೇರು ಬಿಟ್ಟಿತು, ಇಂಗ್ಲಿಷರ ಶಾಲೆಗಳ ಮೂಲಕ ನಮಗೂ ಬಂತು. ಜರ್ಮನಿಯಲ್ಲಿ ಈಗಲೂ ಭಾಗಾಕಾರಕ್ಕೆ ಎರಡು ಚುಕ್ಕಿ ಮಾತ್ರ ಇಡುತ್ತಾರೆ. ಡೆನ್ಮಾರ್ಕ್, ನಾರ್ವೆ ಕಡೆ ಇದೇ ÷ ಚಿಹ್ನೆಯನ್ನು ಕಳೆಯುವುದಕ್ಕೆ ಬಳಸುವ ರೂಢಿ ಬಹುಕಾಲ ಇತ್ತು. ನಮ್ಮ ದೇಶದ ಹಳೆಯ ಬಕ್ಷಾಲಿ ಹಸ್ತಪ್ರತಿಯಲ್ಲಿ ಋಣಸಂಖ್ಯೆಯ ಮುಂದೆ, ಅಂದರೆ ಬಲಗಡೆ, ಇವತ್ತಿನ ಕೂಡಿಸುವ ಗುರುತಿನಂಥದ್ದೇ ಒಂದು ಗುರುತು ಇದೆ! ಚಿಹ್ನೆ ಅನ್ನುವುದು ರೂಢಿ. ರೂಢಿ ಊರಿಂದ ಊರಿಗೆ ಬೇರೆ.

ಗಣಿತ ಚಿಹ್ನೆಗಳ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಬರೆದ ಫ್ಲೋರಿಯನ್ ಕಾಜೊರಿ, 1928ರ ಹೊತ್ತಿಗೆ, ಭಾಗಾಕಾರ ಗುಣಾಕಾರ ಎರಡೂ ಒಂದೇ ಸಾಲಿನಲ್ಲಿ ಬಂದರೆ ಯಾವುದು ಮೊದಲು ಅನ್ನುವುದಕ್ಕೆ ಒಮ್ಮತ ಇಲ್ಲ ಅಂತ ದಾಖಲಿಸಿದ್ದಾರೆ. ಶಾಲೆಗಳು ಆಮೇಲೆ ಎಡದಿಂದ ಬಲಕ್ಕೆ ಅಂತ ಗಟ್ಟಿ ಮಾಡಿಕೊಂಡವು. ಅಂಟಿಸಿ ಬರೆದ ಗುಣಾಕಾರದ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಹಾಗಾದರೆ ಮೆಷಿನ್ ಕೇಳೋಣ, ಅದಕ್ಕೆ ಪಕ್ಷಪಾತ ಇಲ್ಲ ಅನ್ನುತ್ತೀರಾ? ಮೆಷಿನ್ನನ್ನು ಮಾಡಿದವರೂ ಮನುಷ್ಯರೇ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-82 ಕ್ಯಾಲ್ಕ್ಯುಲೇಟರ್ ಅಂಟಿಸಿ ಬರೆದ ಗುಣಾಕಾರವನ್ನು ಬಿಗಿ ಅಂತ ಓದುತ್ತಿತ್ತು. ಅದರ ಮುಂದಿನ ಟಿಐ-83 ಸಡಿಲ ಅಂತ ಓದಿತು. ಒಂದೇ ಕಂಪನಿ, ಒಂದೇ ಲೆಕ್ಕ, ಅಕ್ಕ ಒಂದು ಹೇಳಿದರೆ ತಂಗಿ ಇನ್ನೊಂದು.

ನಿಮ್ಮ ಮನೆಯಲ್ಲೇ ಪರೀಕ್ಷೆ ಮಾಡಿ. ಅಂಗಡಿಯಲ್ಲಿ ಇಟ್ಟಿರುವಂಥ ಸಾಧಾರಣ ಕ್ಯಾಲ್ಕ್ಯುಲೇಟರ್ ತಗೊಂಡು 2+3×4 ಒತ್ತಿ. ಬಹಳಷ್ಟರಲ್ಲಿ 20 ಬರುತ್ತದೆ. ಫೋನಿನಲ್ಲಿ ಅದನ್ನೇ ಒತ್ತಿದರೆ 14. ಅಂಗಡಿಯ ಯಂತ್ರ ಒತ್ತಿದ್ದನ್ನು ಒತ್ತಿದ ಹಾಗೆ ಮಾಡಿ ಮುಗಿಸುತ್ತದೆ, ಮುಂದೆ ಏನು ಬರುತ್ತದೆ ಅಂತ ಕಾಯುವುದಿಲ್ಲ. ಕಿರಾಣಿ ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. 35ರ ಎರಡು ಸೋಪು, 10ರ ಮೂರು ಬಿಸ್ಕತ್ ಪ್ಯಾಕೆಟ್. ಒಂದೇ ಸಾಲಿನಲ್ಲಿ 2×35+3×10 ಒತ್ತಿದರೆ ಆ ಯಂತ್ರ 730 ತೋರಿಸುತ್ತದೆ. ಹಾಗಾಗಿ ಅವರು ಎರಡು ಮೂವತ್ತೈದಲ ಮಾಡಿ ಎಂ-ಪ್ಲಸ್ ಒತ್ತುತ್ತಾರೆ, ಮೂರು ಹತ್ತಲ ಮಾಡಿ ಮತ್ತೆ ಎಂ-ಪ್ಲಸ್, ಕೊನೆಗೆ ಎಂ-ಆರ್. ನೂರು ರೂಪಾಯಿ. ಬೋಡ್‌ಮಾಸ್ ಹೆಸರೇ ಕೇಳದವರ ಬೆರಳಿಗೂ ಬ್ರ್ಯಾಕೆಟ್ ಗೊತ್ತು.

ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು ಇನ್ನೊಂದನ್ನು ನೋಡಿ. ಋಣ ಮೂರರ ವರ್ಗ. ಎಕ್ಸೆಲ್‌ನಲ್ಲಿ =-3^2 ಅಂತ ಹಾಕಿದರೆ 9 ಬರುತ್ತದೆ, ಮೊದಲು ಋಣ, ಆಮೇಲೆ ವರ್ಗ. ಪೈಥಾನ್ ಭಾಷೆಯಲ್ಲಿ ಇದನ್ನೇ -3**2 ಅಂತ ಬರೆದರೆ −9, ಮೊದಲು ವರ್ಗ, ಆಮೇಲೆ ಋಣ. ಗಣಿತ ಪುಸ್ತಕಗಳ ರೂಢಿಯೂ −9. ಜಾವಾಸ್ಕ್ರಿಪ್ಟ್ ಭಾಷೆಯವರು ಮಾಡಿದ್ದು ನನಗೆ ಬಹಳ ಹಿಡಿಸಿತು. ಅಲ್ಲಿ ಹೀಗೆ ಬರೆದರೆ ಕಂಪ್ಯೂಟರ್ ಉತ್ತರವನ್ನೇ ಕೊಡುವುದಿಲ್ಲ, ದೋಷ ಅಂತ ತೋರಿಸುತ್ತದೆ. ನಿಮ್ಮ ಮನಸ್ಸಿನಲ್ಲಿ ಏನಿದೆ ಅಂತ ಬ್ರ್ಯಾಕೆಟ್ ಹಾಕಿ ಹೇಳಿ, ಆಮೇಲೆ ಮಾಡುತ್ತೇನೆ ಅನ್ನುತ್ತದೆ. ಊಹೆ ಮಾಡುವುದಕ್ಕಿಂತ ಕೇಳುವುದು ಮೇಲು.

ಇನ್ನು ಶೇಕಡಾ. 100+10% ಎಷ್ಟು? ಬಹಳಷ್ಟು ಫೋನ್ ಕ್ಯಾಲ್ಕ್ಯುಲೇಟರುಗಳು 110 ಅನ್ನುತ್ತವೆ. ಎಕ್ಸೆಲ್ 100.1 ಅನ್ನುತ್ತದೆ. ಎಕ್ಸೆಲ್ ಪಾಲಿಗೆ ಶೇಕಡಾ ಹತ್ತು ಅಂದರೆ ಹತ್ತನೇ ಒಂದು ಭಾಗ, ಅಂದರೆ 0.1, ಅಷ್ಟೇ. ಫೋನಿನ ಪಾಲಿಗೆ ಅದು ನೂರರ ಶೇಕಡಾ ಹತ್ತು. "ಎಷ್ಟರ" ಅನ್ನುವ ಮಾತು ಚಿಹ್ನೆಯಲ್ಲಿ ಬಿಟ್ಟುಹೋಗಿದೆ, ಒಬ್ಬೊಬ್ಬರು ಒಂದೊಂದು ತುಂಬಿಕೊಳ್ಳುತ್ತಾರೆ.

ಈ "ಎಷ್ಟರ" ಅನ್ನುವ ಪ್ರಶ್ನೆಯನ್ನು ನಮ್ಮ ಹಿರಿಯ ಗಣಿತಜ್ಞರು ಚೆನ್ನಾಗಿ ಗುರುತಿಸಿದ್ದರು. ಅವರ ಕಾಲದಲ್ಲಿ ಲೆಕ್ಕವೆಲ್ಲ ಪದ್ಯದಲ್ಲಿ, ಮಾತಿನಲ್ಲಿ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದರು. 1150ರಲ್ಲಿ ಎರಡನೇ ಭಾಸ್ಕರಾಚಾರ್ಯರು ಲೀಲಾವತಿ ಬರೆದರು. ಇಬ್ಬರೂ ಭಿನ್ನರಾಶಿಗಳನ್ನು ಜಾತಿಗಳಾಗಿ ವಿಂಗಡಿಸುತ್ತಾರೆ. ಭಾಗದ ಭಾಗಕ್ಕೆ ಒಂದು ಹೆಸರು, ಭಾಗ ಸೇರಿಸುವುದಕ್ಕೆ ಇನ್ನೊಂದು ಹೆಸರು. ಭಾಸ್ಕರರು ಸೇರಿಸುವುದರಲ್ಲೂ ಎರಡು ಬಗೆ ಮಾಡುತ್ತಾರೆ: ಒಂದು ಸಂಖ್ಯೆಗೆ ಒಂದು ಭಾಗ ಸೇರಿಸುವುದು ಬೇರೆ, ಒಂದು ಸಂಖ್ಯೆಗೆ ಅದರದ್ದೇ ಭಾಗ, ಸ್ವಾಂಶ, ಸೇರಿಸುವುದು ಬೇರೆ. ಅರ್ಧಕ್ಕೆ ಕಾಲು ಸೇರಿಸಿದರೆ ಮುಕ್ಕಾಲು. ಅರ್ಧಕ್ಕೆ ಅದರ ಕಾಲು ಸೇರಿಸಿದರೆ ಎಂಟರಲ್ಲಿ ಐದು ಭಾಗ. "ಅದರ" ಅನ್ನುವ ಒಂದು ಪದದಿಂದ ಉತ್ತರ ಬೇರೆಯಾಯಿತು. ಫೋನಿಗೂ ಎಕ್ಸೆಲ್‌ಗೂ ಇರುವ ವ್ಯತ್ಯಾಸ ಇದೇ ತಾನೇ? ಅವರು ಅದಕ್ಕೆ ಹೆಸರಿಟ್ಟಿದ್ದರು, ನಾವು ಒಂದು ಗುಂಡಿಯಲ್ಲಿ ಅದನ್ನು ಮುಚ್ಚಿಟ್ಟಿದ್ದೇವೆ.

ಮಾತಿನಲ್ಲಿ ಹೇಳಿದರೆ ಗೊಂದಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಐದು ಮತ್ತು ಮೂರರ ಎರಡು ಪಟ್ಟು ಎಷ್ಟು? ಹದಿನಾರೂ ಆಗಬಹುದು, ಹನ್ನೊಂದೂ ಆಗಬಹುದು. ನೀವು ಈ ಪಾಡ್‌ಕಾಸ್ಟನ್ನು ಕಿವಿಯಿಂದ ಕೇಳುತ್ತಿದ್ದೀರಿ, ಬ್ರ್ಯಾಕೆಟ್ ಕಿವಿಗೆ ಕೇಳಿಸುವುದಿಲ್ಲ. ಆದರೆ ಕನ್ನಡದಲ್ಲಿ ಒಂದು ಅನುಕೂಲ ಇದೆ. ಐದಕ್ಕೆ ಮೂರರ ಎರಡು ಪಟ್ಟನ್ನು ಕೂಡಿಸಿ ಅಂದರೆ ಹನ್ನೊಂದು, ಬೇರೆ ದಾರಿಯೇ ಇಲ್ಲ. ಐದನ್ನೂ ಮೂರನ್ನೂ ಕೂಡಿಸಿ, ಬಂದದ್ದನ್ನು ಎರಡು ಪಟ್ಟು ಮಾಡಿ ಅಂದರೆ ಹದಿನಾರು. ಅನ್ನು, ಇಂದ, ಕ್ಕೆ, ಅರ ಈ ಪ್ರತ್ಯಯಗಳು ಬ್ರ್ಯಾಕೆಟ್ಟಿನ ಕೆಲಸ ಮಾಡುತ್ತವೆ. "ಬಂದದ್ದನ್ನು" ಅನ್ನುವ ಒಂದು ಮಾತು ಬ್ರ್ಯಾಕೆಟ್ ಮುಚ್ಚಿದ ಹಾಗೆ. ನಮ್ಮ ಮೊದಲ ಲೆಕ್ಕಕ್ಕೂ ಇದನ್ನು ಹಚ್ಚಿ ನೋಡಿ. ಎಂಟನ್ನು ಎರಡರಿಂದ ಭಾಗಿಸಿ, ಬಂದದ್ದನ್ನು ನಾಲ್ಕರಿಂದ ಗುಣಿಸಿ: ಹದಿನಾರು. ಎಂಟನ್ನು ನಾಲ್ಕರ ಎರಡು ಪಟ್ಟಿನಿಂದ ಭಾಗಿಸಿ: ಒಂದು. ಇವೆರಡರಲ್ಲಿ ಯಾವುದನ್ನು ಕೇಳುತ್ತಿದ್ದೇನೆ ಅಂತ ಲೆಕ್ಕ ಬರೆದವರು ಹೇಳಲೇ ಇಲ್ಲ. ಹೇಳದೆ ಬಿಟ್ಟದ್ದಕ್ಕೇ ಅದು ಅಷ್ಟು ಹಬ್ಬಿತು.

ವಾಟ್ಸ್ಆ್ಯಪ್ ಜಗಳದಲ್ಲಿ ಯಾರಿಗೂ ನಷ್ಟ ಇಲ್ಲ. ಆದರೆ ಇದೇ ಗೊಂದಲ ಔಷಧದ ಚೀಟಿಯಲ್ಲಿ ಬಂದರೆ? ಮಗುವಿನ ಸಿರಪ್ಪಿಗೆ "ದಿನಕ್ಕೆ 200 ಮಿ.ಗ್ರಾಂ, ಎರಡು ಸಲ" ಅಂತ ಯಾರೋ ಹೇಳಿದರು ಅನ್ನಿ. ದಿನದ ಒಟ್ಟು 200ನ್ನು ಎರಡು ಪಾಲು ಮಾಡಿ ನೂರು ನೂರು ಕೊಡಬೇಕೋ, 200ನ್ನು ಎರಡು ಸಲ ಕೊಡಬೇಕೋ? ಭಾಗಿಸಬೇಕೋ, ಗುಣಿಸಬೇಕೋ? ಒಂದಕ್ಕೂ ಇನ್ನೊಂದಕ್ಕೂ ಎರಡು ಪಟ್ಟು ವ್ಯತ್ಯಾಸ. ಮಕ್ಕಳ ಔಷಧದ ಪ್ರಮಾಣವನ್ನು ತೂಕದ ಮೇಲೆ, ಒಂದು ಕೆ.ಜಿ.ಗೆ ಇಷ್ಟು ಮಿ.ಗ್ರಾಂ ಅಂತ ಲೆಕ್ಕ ಹಾಕುತ್ತಾರೆ. ಆ ಪ್ರಮಾಣ ಒಂದು ದಿನದ್ದೋ ಒಂದು ಸಲದ್ದೋ ಅನ್ನುವುದು ಸ್ಪಷ್ಟ ಇರಲೇಬೇಕು. ಚೀಟಿ ಓದಿ ಸಂಶಯ ಬಂದರೆ ಮನೆಯಲ್ಲಿ ಕೂತು ಊಹಿಸಬೇಡಿ, ವೈದ್ಯರನ್ನೋ ಔಷಧ ಅಂಗಡಿಯ ಫಾರ್ಮಸಿಸ್ಟರನ್ನೋ ಹೀಗೆ ಕೇಳಿ: ಒಂದು ಸಲಕ್ಕೆ ಎಷ್ಟು ಎಂ.ಎಲ್., ದಿನಕ್ಕೆ ಎಷ್ಟು ಸಲ? ಈ ಎರಡು ಸಂಖ್ಯೆ ಬೇರೆ ಬೇರೆಯಾಗಿ ಕೈಗೆ ಬಂದರೆ ಗೊಂದಲಕ್ಕೆ ಜಾಗ ಇಲ್ಲ. ಸಂಶಯ ಬಂದಾಗ ಕೇಳುವುದು ದಡ್ಡತನ ಅಲ್ಲ.

ಹಾಗಾದರೆ ತಪ್ಪು ಯಾರದು ಅನ್ನುವ ಪ್ರಶ್ನೆಗೆ ಬರೋಣ. ನನ್ನ ಪ್ರಕಾರ ಓದಿದವರದ್ದಲ್ಲ, ಬರೆದವರದ್ದು. ಇದು ನನ್ನೊಬ್ಬನ ಅಭಿಪ್ರಾಯವೂ ಅಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ, ಗಣಿತ ಚಿಹ್ನೆಗಳಿಗೆಂದೇ 80000-2 ಅನ್ನುವ ಮಾನಕ ಇಟ್ಟಿದೆ. ಅದು ಬರೆಯುವವರಿಗೆ ಹೇಳುವುದು ಎರಡು ಮಾತು. ಒಂದು, ಭಾಗಾಕಾರಕ್ಕೆ ÷ ಚಿಹ್ನೆ ಬಳಸಬೇಡಿ. ಎರಡು, ಓರೆಗೆರೆ ಹಾಕಿ ಭಾಗಿಸಿದ ಮೇಲೆ ಅದೇ ಸಾಲಿನಲ್ಲಿ ಮತ್ತೆ ಗುಣಾಕಾರವೋ ಭಾಗಾಕಾರವೋ ಬರುವುದಿದ್ದರೆ, ಬ್ರ್ಯಾಕೆಟ್ ಹಾಕದೆ ಬರೆಯಬೇಡಿ. ಓದುವವರು ಹೀಗೆ ಊಹಿಸಲಿ ಅಂತ ಅದು ಹೇಳುತ್ತಿಲ್ಲ, ಊಹೆಗೆ ಅವಕಾಶ ಕೊಡಬೇಡಿ ಅಂತ ಹೇಳುತ್ತಿದೆ. ದೊಡ್ಡ ತರಗತಿಯ ಪುಸ್ತಕ ತೆರೆದು ನೋಡಿ, ÷ ಕಾಣುವುದೇ ಅಪರೂಪ. ಮೇಲೊಂದು ಕೆಳಗೊಂದು ಬರೆದು ನಡುವೆ ಅಡ್ಡಗೆರೆ ಎಳೆಯುತ್ತಾರೆ. ಗೆರೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಭಾಗಾಕಾರ. ಆ ಗೆರೆಯೇ ಬ್ರ್ಯಾಕೆಟ್.

ಟೀಚರುಗಳಲ್ಲಿ ನನ್ನದು ಮೂರು ವಿನಂತಿ. ಬೋಡ್‌ಮಾಸ್ ಕಲಿಸುವಾಗ ಅದರಲ್ಲಿ ಆರು ಮೆಟ್ಟಿಲಿಲ್ಲ, ಡಿ ಎಂ ಒಂದೇ ಮೆಟ್ಟಿಲು, ಎ ಎಸ್ ಒಂದೇ ಮೆಟ್ಟಿಲು ಅಂತ ಬೋರ್ಡಿನ ಮೇಲೆ ಬರೆದು ತೋರಿಸಿ. ಪ್ರಶ್ನೆಪತ್ರಿಕೆ ತಯಾರಿಸುವಾಗ ಎರಡು ಅರ್ಥ ಬರುವ ಸಾಲು ಕಂಡರೆ ಒಂದು ಜೋಡಿ ಬ್ರ್ಯಾಕೆಟ್ ಹಾಕಿಬಿಡಿ, ಖರ್ಚೇನಿಲ್ಲ. ಮೂರನೆಯದು, ಮಗುವಿನ ಉತ್ತರ ಬೇರೆ ಬಂದಿದ್ದರೆ ಕೆಂಪು ಗೀಟು ಎಳೆಯುವ ಮೊದಲು ಹೇಗೆ ಮಾಡಿದೆ ಅಂತ ಒಂದು ಮಾತು ಕೇಳಿ. ಲೆಕ್ಕ ಬರದ ಮಗುವಿಗೂ, ಸಾಲನ್ನು ಬೇರೆ ರೀತಿ ಓದಿದ ಮಗುವಿಗೂ ವ್ಯತ್ಯಾಸ ಇದೆ. ಇಬ್ಬರಿಗೂ ಸೊನ್ನೆ ಕೊಟ್ಟರೆ ಎರಡನೆಯ ಮಗುವನ್ನು ನಾವೇ ಮೊದಲನೆಯ ಮಗುವಾಗಿ ಮಾಡಿದ ಹಾಗೆ.

ಅಪ್ಪ ಅಮ್ಮಂದಿರಿಗೆ ಒಂದೇ ಮಾತು. ಮುಂದಿನ ಸಲ ಗುಂಪಿನಲ್ಲಿ ಇಂಥ ಲೆಕ್ಕ ಬಂದಾಗ, ಮಕ್ಕಳ ಜೊತೆ ಕೂತು ಉತ್ತರ ಹುಡುಕಬೇಡಿ, ಬ್ರ್ಯಾಕೆಟ್ ಹಾಕಿ ಆಟ ಆಡಿ. 16 ಬರಬೇಕಾದರೆ ಬ್ರ್ಯಾಕೆಟ್ ಎಲ್ಲಿ ಹಾಕಬೇಕು? 1 ಬರಬೇಕಾದರೆ ಎಲ್ಲಿ? (8÷2)(2+2) ಅಂದರೆ ಹದಿನಾರು, 8÷(2(2+2)) ಅಂದರೆ ಒಂದು. ಎರಡನ್ನೂ ಬರೆಯಬಲ್ಲ ಮಗುವಿಗೆ ಆ ಲೆಕ್ಕ ಪೂರ್ತಿ ಅರ್ಥವಾಗಿದೆ. ಒಂದೇ ಉತ್ತರವನ್ನು ಹಟ ಹಿಡಿದು ವಾದಿಸುವ ದೊಡ್ಡವರಿಗಿಂತ ಹೆಚ್ಚು ಅರ್ಥವಾಗಿದೆ.

ನಿಮ್ಮ ಮನೆಯ ಕ್ಯಾಲ್ಕ್ಯುಲೇಟರಿನಲ್ಲಿ 2+3×4ಕ್ಕೆ ಎಷ್ಟು ಬಂತು, ಫೋನಿನಲ್ಲಿ 100+10%ಕ್ಕೆ ಎಷ್ಟು ಬಂತು, ಒತ್ತಿ ನೋಡಿ ನಮಗೆ ಬರೆದು ತಿಳಿಸಿ.